ಮೂರನೇ ನಂಬರಿನ ಬಣ್ಣ

ಜೂನ್ 4, ಬೆಳಿಗ್ಗೆ 5.50

ಎಡಗಡೆ ಹದಿನೆಂಟು ನಿಮಿಷ. ಬಲಗಡೆ ಆರು, ಅಷ್ಟಕ್ಕೇ ನಿದ್ದೆ. ನನಗಲ್ಲ, ಮಗಳಿಗೆ. ಹಾಲೂಡಿಸಿದ ಹೊತ್ತು ಬರೆದಿಡಲೆಂದು ನರ್ಸ್ ಕೊಟ್ಟ ಪುಸ್ತಕ ಇದು. ಉಳಿದ ಜಾಗದಲ್ಲಿ ನಾನು ಸೇರಿಕೊಂಡಿದ್ದೇನೆ.

ಫುಟ್‌ಬಾಲ್ ಸೀಸನ್ ಮುಗಿದು ಮೂರು ವಾರ. ಮಗಳಿಗೆ ಒಂಬತ್ತು ವಾರ. ಮೈದಾನ ಖಾಲಿ. ಆದರೂ ನಮ್ಮ ಗ್ರೂಪಿನಲ್ಲಿ ದಿನವೂ ಪಂದ್ಯ. ಹನ್ನೊಂದು ಜನ ಅಭಿಮಾನಿಗಳು, ಫೋನಿನಲ್ಲೊಂದು ಚಾರ್ಟು. ಪ್ರತಿ ಆಟಗಾರನ ನಂಬರಿನ ಮುಂದೆ ಒಂದು ಚುಕ್ಕೆ. ಹಸಿರು ಅಂದರೆ ಉಳಿಯುತ್ತಾನೆ. ಕೆಂಪು, ಹೋಗುತ್ತಾನೆ. ಹಳದಿ, ದೇವರೇ ಬಲ್ಲ. ಮೂಲ ಹೇಳದೆ ಬಣ್ಣ ಬದಲಿಸುವ ಹಾಗಿಲ್ಲ. ಜೂನ್ ಮೂವತ್ತರ ಮಧ್ಯಾಹ್ನ ಯಾರನ್ನು ಉಳಿಸಿಕೊಂಡೆವು ಅಂತ ಕ್ಲಬ್ಬು ಪಟ್ಟಿ ಹಾಕುವವರೆಗೆ ನಮಗೆ ಬೇರೆ ಕೆಲಸವಿಲ್ಲ.

ಈ ಸಲದ ಎರಡು ಕೆಂಪು ನನ್ನವು. ಗೋಲ್‌ಕೀಪರ್ ಹೋಗುತ್ತಾನೆಂದು ಮೊದಲು ಹೇಳಿದವಳು ನಾನು. ಕ್ಲಬ್ಬಿನದೇ ಒಂದು ಫೋಟೊದಲ್ಲಿ ಅವನ ಲಾಕರಿನ ಹೆಸರಿನ ಚೀಟಿ ಕಿತ್ತುಹೋಗಿತ್ತು. ಹತ್ತನೇ ನಂಬರಿನವನು ಸೋಫಾ ಮಾರಾಟಕ್ಕಿಟ್ಟದ್ದನ್ನು ಕಂಡವಳೂ ನಾನೇ. ಎಲ್ಲ ಹಾಲೂಡಿಸುತ್ತಲೇ, ಒಂದೇ ಕೈಯಲ್ಲಿ.

ಅತ್ತೆ ಚಹಾ ತಂದಿಟ್ಟರು. "ಮಗು ಕುಡಿಯೋ ಹೊತ್ತಲ್ಲಾದ್ರೂ ಆ ಚೆಂಡನ್ನ ಕೆಳಗಿಡೇ. ಅದು ಅಮ್ಮ ಅನ್ನೋ ಮೊದ್ಲು ಆಫ್‌ಸೈಡ್ ಅನ್ನುತ್ತೆ ನೋಡ್ತಿರು."

ಜೂನ್ 11, ಬೆಳಿಗ್ಗೆ 11.30

ಕ್ಲಿನಿಕ್ಕಿನಿಂದ ಬಂದೆ. ಹತ್ತನೇ ವಾರದ ಚುಚ್ಚುಮದ್ದು. ಗೆಳತಿಯೂ ಬಂದಿದ್ದಳು. ಅವಳ ಮಗ ನನ್ನ ಮಗಳಿಗಿಂತ ಎರಡು ದಿನ ದೊಡ್ಡವನು. ಆರನೇ ವಾರದ ಸೂಜಿಗೂ ಇದೇ ಬೆಂಚಿನಲ್ಲಿ ಕೂತಿದ್ದೆವು. ಅಂದಿನಿಂದ ದಿನಕ್ಕೆ ಹತ್ತು ಮೆಸೇಜು. ನಿದ್ದೆ ಬಂತಾ. ಇಲ್ಲ. ನನಗೂ ಇಲ್ಲ. ಇಷ್ಟೇ. ಆದರೂ ಅದಿಲ್ಲದಿದ್ದರೆ ಈ ಒಂದು ತಿಂಗಳು ದಾಟುತ್ತಿರಲಿಲ್ಲ.

ಅವಳ ಗಂಡ ನಮ್ಮ ತಂಡದ ಮೂರನೇ ನಂಬರು. ಎಡಗಡೆಯ ಡಿಫೆಂಡರ್. ವಯಸ್ಸು ಮೂವತ್ಮೂರು, ಒಂದೇ ಮೊಣಕಾಲಿಗೆ ಎರಡು ಆಪರೇಷನ್. ಚಾರ್ಟಿನಲ್ಲಿ ಹಳದಿ. ಇದುವರೆಗೆ ಅವಳ ಹತ್ತಿರ ತಂಡದ ಬಗ್ಗೆ ಒಂದು ಮಾತು ಕೇಳಿದವಳಲ್ಲ. ಅದೊಂದು ಮರ್ಯಾದೆ ಅಂತ ಇಟ್ಟುಕೊಂಡಿದ್ದೆ.

ಇವತ್ತು ಕೇಳದೆಯೇ ಸಿಕ್ಕಿತು. ಮಗನ ಲಸಿಕೆ ಕಾರ್ಡನ್ನು ಬೇರೆ ಊರಿಗೆ ವರ್ಗಾಯಿಸುವ ಫಾರಂ ಬೇಕು ಅಂತ ನರ್ಸ್ ಹತ್ತಿರ ಹೇಳಿದಳು. ಯಾವ ಊರು ಅಂತಲೂ ಹೇಳಿದಳು. ಆ ಊರಲ್ಲೊಂದು ಕ್ಲಬ್ಬಿದೆ. ಅವರಿಗೆ ಎಡಗಡೆ ಆಡುವವನಿಲ್ಲ.

ನನ್ನ ಮುಖ ನೋಡಿದಳು. ಮೊಣಕೈ ಹಿಡಿದಳು.

"ಬಾಯಿ ಬಿಡಬೇಡಿ, ಕೈ ಮುಗೀತೀನಿ. ಇನ್ನೂ ಏನೂ ಆಗಿಲ್ಲ. ಇಲ್ಲಿ ಇನ್ನೊಂದು ವರ್ಷ ಕೊಡ್ತೀವಿ ಅಂತ ಬಾಯಲ್ಲಿ ಹೇಳಿದಾರೆ, ಕಾಗದ ಕೊಟ್ಟಿಲ್ಲ. ಕೊಡದೇ ಹೋದ್ರೆ ಅಂತ ನಮ್ಮನೆಯವ್ರು ಅಲ್ಲೂ ಒಂದು ಮಾತು ಹಾಕಿಟ್ಟಿದಾರೆ, ಅಷ್ಟೆ. ಕ್ಲಬ್ ಮ್ಯಾನೇಜರ್‌ಗೆ ಗೊತ್ತಾದ್ರೆ ಇದೂ ಹೋಯ್ತು."

"ನನ್ನ ಹೊಟ್ಟೇಲೇ ಇರುತ್ತೆ, ಬಿಡಿ."

"ನಿಮ್ಮ ಹೊಟ್ಟೇಲಿದ್ದದ್ದು ಹೊರಗೆ ಬಂದು ಕಿರುಚ್ತಿರೋದು ನೋಡ್ತಾನೇ ಇದೀನಲ್ಲ" ಅಂದಳು. ಇಬ್ಬರೂ ನಕ್ಕೆವು. ಸೂಜಿ ಚುಚ್ಚಿಸಿಕೊಂಡ ಮಕ್ಕಳೆರಡೂ ಅಳುತ್ತಲೇ ಇದ್ದವು.

ಜೂನ್ 14, ಮಧ್ಯಾಹ್ನ 2.10

ಮೂರು ದಿನ ಸೇರಿ ಒಂಬತ್ತು ಗಂಟೆ ನಿದ್ದೆ. ಮಗಳಿಗೆ ಸೂಜಿಯ ಜ್ವರ ಬಂದು ಹೋಯಿತು. ಥರ್ಮಾಮೀಟರ್ ಕೆಟ್ಟಿದೆಯೇನೋ ಅಂತ ನನ್ನ ಕಂಕುಳಲ್ಲೂ ಅತ್ತೆಯ ಕಂಕುಳಲ್ಲೂ ಇಟ್ಟು ನೋಡಿದೆ. ಕೆಟ್ಟಿಲ್ಲ. ಕೆಟ್ಟಿರುವುದು ನಾನು.

ಮೇಷ್ಟ್ರು ಮೂರಕ್ಕೆ ಹಸಿರು ಹಾಕಿದ್ದಾರೆ. ಗಣಿತದ ಮೇಷ್ಟ್ರು, ಗ್ರೂಪಿಗೆ ಹಿರಿಯರು, ಮೂವತ್ತು ವರ್ಷದಿಂದ ಮೈದಾನದಲ್ಲಿ ಅದೇ ಸೀಟು. ಮೂಲ: ಟಿಕೆಟ್ ಕೌಂಟರಿನವನು. ನಾನು ಒಂದು ಪ್ರಶ್ನೆಚಿಹ್ನೆ ಹಾಕಿದೆ, ಒಂದೇ ಒಂದು. ಅದಕ್ಕೆ ಅವರ ಉತ್ತರ: "ಬಾಣಂತಿಗೆ ಸುದ್ದಿ ಎಲ್ಲಿಂದಮ್ಮ? ಡಯಾಪರ್‌ನಿಂದಾನಾ?"

ಆರು ಜನ ನಗುವ ಮುಖ ಒತ್ತಿದರು. ಆರು. ಎಣಿಸಿದೆ.

ಫೋನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ…

2.40

ಹಾಕಿಬಿಟ್ಟೆ. "3 ಕೆಂಪು. ಊರು ಸಮೇತ ಗೊತ್ತು." ಊರನ್ನೂ ಬರೆದೆ. ಮೂಲ ಕೇಳಿದರು. ಅವರ ಮನೆಯೊಳಗಿನದೇ ಅಂದೆ.

ಮೇಷ್ಟ್ರು: "ಸೋತೆ ತಾಯಿ."

ಐದು ನಿಮಿಷ ಮೈಯೆಲ್ಲ ಹಗುರ. ಹೆರಿಗೆಯಾದ ಮೇಲೆ ಮೊದಲ ಸಲ ಯಾರೋ ನನ್ನನ್ನೇ ನೋಡಿ ಮಾತಾಡಿದ ಹಾಗೆ. ಆರನೇ ನಿಮಿಷಕ್ಕೆ ಅಳಿಸಿದೆ. ಅಷ್ಟರಲ್ಲಿ ಒಂಬತ್ತು ಜನ ನೋಡಿಯಾಗಿತ್ತು.

ಜೂನ್ 16, ಬೆಳಿಗ್ಗೆ 7

ಕ್ರೀಡಾ ಸುದ್ದಿಯ ಪುಟವೊಂದರಲ್ಲಿ ಬಂದಿದೆ. "ಕುಟುಂಬದ ಮೂಲಗಳ ಪ್ರಕಾರ." ಕುಟುಂಬ ಅಂದರೆ ನಾನು.

ಇವರು ಡಿಪೋಗೆ ಹೊರಟಿದ್ದರು. ಬಸ್ಸಿನ ಎಂಜಿನ್ ಬಿಟ್ಟರೆ ಬೇರೆ ಯಾವುದಕ್ಕೂ ತಲೆ ಹಾಕದ ಮನುಷ್ಯ. ಫೋನು ನೋಡಿ ಕೇಳಿದರು: "ಇದು ನಿನ್ನ ಕ್ಲಿನಿಕ್ ಗೆಳತಿ ಗಂಡ ಅಲ್ವಾ? ನೀನಲ್ಲ ತಾನೆ?"

"ಅಲ್ಲ."

ಎಷ್ಟು ಸಲೀಸಾಗಿ ಬಂತು. ಬೂಟಿನ ಲೇಸು ಕಟ್ಟಿಕೊಂಡು ಹೋದರು.

ಗೆಳತಿಯಿಂದ ಮೆಸೇಜಿಲ್ಲ. ನಾನೂ ಕಳಿಸಿಲ್ಲ.

ಜೂನ್ 19, ಮಧ್ಯಾಹ್ನ 12.15

ಅವಳೇ ಬಂದಳು. ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು, ಮೂರು ಬಸ್‌ಸ್ಟಾಪು ನಡೆದು. ಕೂರಲಿಲ್ಲ.

"ಮ್ಯಾನೇಜರ್ ಕರೆಸಿದ್ರು. ಹೋಗೋನಿಗೆ ಕಾಗದ ಯಾಕಪ್ಪ ಅಂದ್ರಂತೆ. ಆ ಊರಿನೋರು ಗುಟ್ಟಾಗಿರ್ಲಿ ಅಂದಿದ್ರು, ಈಗ ಫೋನೇ ಎತ್ತುತಿಲ್ಲ. ಎರಡು ಕಡೆನೂ ಕೈ ಬಿಟ್ರೆ ಈ ಕಾಲಿಟ್ಕೊಂಡು ಇನ್ನೆಲ್ಲಿಗೆ ಹೋಗ್ತಾರೆ?"

ನಾನು ನೀರು ತಂದುಕೊಟ್ಟೆ. ಲೋಟ ಹಿಡಿದು ನಿಂತೇ ಇದ್ದಳು.

"ನಿಮ್ಮದೊಂದು ಗ್ರೂಪಿದೆಯಲ್ಲ. ಯಾರು ಶುರು ಮಾಡಿದ್ದು ಅಂತ ಪತ್ತೆ ಮಾಡ್ಕೊಡ್ತೀರಾ? ನಂಗೆ ಆ ನರ್ಸ್ ಮೇಲೇ ಅನುಮಾನ. ಫಾರಂ ಅವಳ ಕೈಯಲ್ಲೇ ಇತ್ತು."

ವಿಚಾರಿಸ್ತೀನಿ ಅಂದೆ. ನನ್ನ ದನಿಯೇ. ಬೇರೆ ಯಾರದೂ ಅಲ್ಲ.

ಅವಳು ಹೋದ ಮೇಲೆ ಅತ್ತೆ ನನ್ನನ್ನೇ ನೋಡುತ್ತ ಕೂತಿದ್ದರು. ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ಜೂನ್ 24, ಬೆಳಿಗ್ಗೆ 10

ಬರೆದೆ. "3ರ ಸುದ್ದಿ ಸುಳ್ಳು. ನಾನೇ ಕಟ್ಟಿದ್ದು. ಯಾವ ಮೂಲವೂ ಇಲ್ಲ." ಗ್ರೂಪಿಗೂ ಹಾಕಿದೆ, ಕ್ಲಬ್ಬಿನ ಆಫೀಸಿಗೂ ಕಳಿಸಿದೆ, ನನ್ನ ಹೆಸರು ವಿಳಾಸ ಸಮೇತ. ನಿಜ ಹೇಳಿ ಕೆಡಿಸಿದ್ದನ್ನು ಸುಳ್ಳು ಹೇಳಿ ಸರಿಮಾಡಲು ಹೊರಟಿದ್ದೇನೆ. ತಲೆ ಓಡುವುದಿಲ್ಲ. ಬೇರೆ ದಾರಿ ಕಾಣುವುದಿಲ್ಲ.

ಮೇಷ್ಟ್ರು: "ಆಗ ಹೇಳಿದ್ದು ಕಟ್ಟಿದ್ದೋ, ಈಗ ಹೇಳ್ತಿರೋದೋ? ಮಗು ನೋಡ್ಕೊಳಮ್ಮ." ಗ್ರೂಪಿನಿಂದ ತೆಗೆದರು. ಏಳು ವರ್ಷದ ಗ್ರೂಪು.

ಕ್ಲಬ್ಬಿನಿಂದ ಎರಡೇ ನಿಮಿಷಕ್ಕೆ ಉತ್ತರ ಬಂತು. ಮಗಳನ್ನು ಮಂಚದ ಮೇಲೆ ಮಲಗಿಸಿ ತೆರೆದೆ. "ನಿಮ್ಮ ಬೆಂಬಲಕ್ಕೆ ಧನ್ಯವಾದ. ಹೊಸ ಜರ್ಸಿ ಶೀಘ್ರದಲ್ಲೇ ಮಳಿಗೆಗಳಲ್ಲಿ."

ಜೂನ್ 30, ಮಧ್ಯಾಹ್ನ 12.05

ಪಟ್ಟಿ ಬಂತು. ನಂಬರಿನ ಪ್ರಕಾರ ಹಾಕಿದ್ದಾರೆ.

2. ಆಮೇಲೆ 4.

ಮತ್ತೆ ಮೇಲಿನಿಂದ ಓದಿದೆ. 2. 4.

ಜುಲೈ 2, ಬೆಳಿಗ್ಗೆ 9.20

ಗೆಳತಿಯ ಮೆಸೇಜು: "ನಾಳೆ ನರ್ಸ್ ಮೇಲೆ ಕಂಪ್ಲೇಂಟ್ ಕೊಡ್ತಿದೀವಿ. ನೀವೂ ಬನ್ನಿ. ಅವತ್ತು ಬೆಂಚಲ್ಲಿ ಇದ್ದೋರು ನೀವೊಬ್ರೇ."

ಆ ನರ್ಸ್, ನನ್ನ ಮಗಳು ಮೊಲೆ ಹಿಡಿಯದಿದ್ದಾಗ ಡ್ಯೂಟಿ ಮುಗಿದ ಮೇಲೂ ಒಂದೂವರೆ ಗಂಟೆ ಪಕ್ಕದಲ್ಲಿ ಕೂತಿದ್ದವಳು.

ರಾತ್ರಿ ಪಾಳಿ ಮುಗಿಸಿ ಬಂದ ಇವರಿಗೆ ಹೇಳಿದೆ, ಎಲ್ಲ. ಕೈಯ ಗ್ರೀಸ್ ಒರೆಸಿಕೊಂಡರು. "ನಾನೂ ಬರ್ಲಾ?" ಅಂದರು.

ಬೇಡ ಅಂದೆ.

ಸಂಜೆ 4.40

ಅವಳ ಮನೆಯಲ್ಲಿ ಕೂತಿದ್ದೇನೆ. ಎರಡನೇ ಮಹಡಿ. ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳು ಗೋಡೆಯುದ್ದಕ್ಕೂ. ಯಾವ ಊರಿಗೆ ಅಂತ ಇನ್ನೂ ಬರೆದಿಲ್ಲ.

ಹೇಳಿದೆ. ಒಂದೇ ಉಸಿರಿಗೆ. ಮಗನ ಬೆನ್ನು ತಟ್ಟುತ್ತಿದ್ದಳು. ಕೈ ನಿಲ್ಲಲಿಲ್ಲ. ಅವನು ತೇಗಿದ. ಬಾಯಿ ಒರೆಸಿದಳು.

"ಯಾಕೆ?"

ನಿದ್ದೆ ಇರಲಿಲ್ಲ ಅಂದೆ. ಅಂದ ಮೇಲೆ ಗೊತ್ತಾಯಿತು, ಅವಳಿಗೂ ಇರಲಿಲ್ಲ.

"ನನ್ನ ಕೈಲಿ ಆಗಲ್ಲ" ಅಂದಳು. "ಅವರಿಗೆ ನೀವೇ ಹೇಳಿ. ಐದಕ್ಕೆ ಬರ್ತಾರೆ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎದ್ದು ಹೋಗಬಹುದು. ಬಾಗಿಲು ನಾಲ್ಕು ಹೆಜ್ಜೆ. ಮಗಳು ಮಡಿಲಲ್ಲಿ ಕುಡಿಯುತ್ತಿದ್ದಾಳೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಲಗಡೆ ಹನ್ನೊಂದು ನಿಮಿಷ.

ಮೆಟ್ಟಿಲ ಮೇಲೆ ಯಾರೋ. ನಿಧಾನ. ಒಂದು ಕಾಲು ಗಟ್ಟಿಯಾಗಿ, ಇನ್ನೊಂದು ಎಳೆದು. ಮೊದಲನೇ ಮಹಡಿಯ ತಿರುವಿನಲ್ಲಿ ನಿಂತರು, ಸುಧಾರಿಸಿಕೊಳ್ಳುತ್ತಿದ್ದಾರೆ. ಮೈದಾನದಲ್ಲಿ ಈ ಕಾಲಿನ ಸದ್ದು ನಾನು ಕೇಳಿದ್ದೇ ಇಲ್ಲ.

ಮತ್ತೆ ಹತ್ತುತ್ತಿದ್ದಾರೆ. ಬೀಗದ ಕೈ ಹುಡುಕುವ ಸದ್ದು. ಏನಂತ ಶುರು ಮಾಡಲಿ? ನಮಸ್ಕಾರ, ನಾನು ನಿಮ್ಮ…