ಜಲ್ಲಿ ದಾರಿಯಲ್ಲಿರುವ ಇವರಿಗೆ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್
ಮಾರ್ಚ್ 2018

ಪ್ರೀತಿಯ ಶಹನಾಝ್‌ಳ ಬಾಪಾ,

ಅಸ್ಸಲಾಮು ಅಲೈಕುಂ.

ಮದುವೆಯಾದ ಮೇಲೆ ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಒಂದೇ ಮನೆಯಲ್ಲಿರುವವರಿಗೆ ಕಾಗದ ಎಂತಕ್ಕೆ ಎಂದು ನೀವು ನಗಬಹುದು. ಆದರೆ ಕೆಲವು ಮಾತು ಎದುರಿಗೆ ಕೂತರೆ ನನ್ನ ಬಾಯಿಂದ ಹೊರಡುವುದಿಲ್ಲ. ನೀವು ಚಹಾ ಕೇಳುತ್ತೀರಿ, ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಸೈಕಲ್ ಪ್ರವಾಸದಿಂದ ಬೆಳಿಗ್ಗೆ ನೀವು ಕಳಿಸಿದ ಫೋಟೋ ನೋಡಿದೆವು. ಸೈಪ್ರಸ್‌ನ ಗುಡ್ಡ, ಅದರ ಸೊಂಟಕ್ಕೆ ಸುತ್ತಿಕೊಂಡ ಬಿಳಿ ಜಲ್ಲಿ ದಾರಿ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ, ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ಯುಜಿನ್ ಭಾಯಿ. ಶಹನಾಝ್ ‘ಸೋ ಪ್ರೆಟಿ’ ಎಂದಳು. ನಾನೂ ಹೌದೆಂದೆ. ನನ್ನ ಕಣ್ಣಿದ್ದದ್ದು ಮಾತ್ರ ದಾರಿಯ ಹೊರ ಅಂಚಿನ ಮೇಲೆ. ಅಲ್ಲಿ ತಡೆಗೋಡೆ ಇರಲಿಲ್ಲ. ಇವತ್ತಿನದ್ದೇ ಎಲ್ಲಕ್ಕಿಂತ ಎತ್ತರದ ದಾರಿ, ಸಂಜೆವರೆಗೆ ರೇಂಜ್ ಸಿಗುವುದಿಲ್ಲ ಎಂದು ನೀವು ಬರೆದಿದ್ದಿರಿ. ಆಮೇಲೆ ಫೋನು ಸುಮ್ಮನಾಗಿದೆ. ಬಟ್ಟೆ ಮಡಚಿದೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ. ಕೊನೆಗೆ ಬರೆಯಲು ಕೂತೆ.

ಸೈಕಲ್ ಮೇಲೆ ನನಗೆ ದ್ವೇಷವಿಲ್ಲ. ಶುಗರ್ ಉಂಟು, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗ ನೀವು ನಡೆಯುವ ಬದಲು ಸೈಕಲ್ ತಂದಿರಿ. ಕೆಳಗಿನ ಮಹಡಿಯ ಯುಜಿನ್ ಭಾಯಿ ಜೊತೆಯಾದರು. ವಾರವಿಡೀ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕಳೆಯುವ ಅವರಿಗೆ ಶುಕ್ರವಾರ ಬಂತೆಂದರೆ ಗುಡ್ಡ ಬೇಕು. ದಪ್ಪ ಟಯರಿನ ಸೈಕಲ್ ಹಿಡಿದು ಇಬ್ಬರೂ ಹತ್ತಾ ಊರಿನ ಗುಡ್ಡಗಳ ಕಡೆಗೆ ಹೊರಡತೊಡಗಿದಿರಿ. ಜುಮಾ ನಮಾಝಿನ ಹೊತ್ತಿಗೆ ಮರಳಿದರೆ ಮೈತುಂಬ ಧೂಳು, ಮುಖದ ತುಂಬ ಶಾಲೆ ಬಿಟ್ಟ ಹುಡುಗನ ನಗು. ಶುಗರ್ ಕೂಡ ಇಳಿಯಿತು. ಬೇಡ ಎನ್ನಲು ನನ್ನ ಹತ್ತಿರ ಕಾರಣವೇ ಇರಲಿಲ್ಲ.

ಕಳೆದ ವರ್ಷ ಚಳಿಗಾಲದ ಆ ಶುಕ್ರವಾರ ನಿಮಗೆ ನೆನಪಿದೆ. ಆದರೆ ನಿಮಗೆ ಗೊತ್ತಿರುವುದು ಗುಡ್ಡದ ಆಚೆ ಬದಿಯಲ್ಲಿ ನಡೆದದ್ದು. ಈಚೆ ಬದಿಯದ್ದನ್ನು ನಾನು ಇವತ್ತಿನವರೆಗೆ ಹೇಳಿಲ್ಲ.

ಜುಮಾ ಕಳೆಯಿತು. ನೀವು ಬರಲಿಲ್ಲ, ಫೋನೂ ಹೋಗುತ್ತಿರಲಿಲ್ಲ. ಇಲ್ಲಿ ಮಳೆಯಿರಲಿಲ್ಲ, ಆಕಾಶ ಮಾತ್ರ ಬೂದಿ ಮೆತ್ತಿದ ಹಾಗಿತ್ತು. ಆಗ ಯುಜಿನ್ ಭಾಯಿಯ ಹೆಂಡತಿ ಬೆಟ್ಟಿ ಮೆಟ್ಟಿಲು ಹತ್ತಿ ಬಂದಳು. ಹತ್ತಾದ ವಾದಿಯಲ್ಲಿ ನೀರು ಹರಿಯುತ್ತಿರುವ ವೀಡಿಯೋ ಅವಳ ಫೋನಿಗೆ ಬಂದಿತ್ತು. ಸದಾ ಒಣಗಿ ಕಲ್ಲಾಗಿರುವ, ನೀವು ಸೈಕಲ್ ಬಿಡುವ ಅದೇ ಹಳ್ಳ. ಅವಳು ಅಳಲಿಲ್ಲ. ‘ರುಖಿಯಾ, ನಿನ್ಗೆ ಲೈಸೆನ್ಸ್ ಉಂಟಲ್ಲ. ನಾವು ಹೋಗುವ’ ಎಂದಳು.

ಲೈಸೆನ್ಸ್ ಇತ್ತು. ಎಷ್ಟು ಸಲ ಫೇಲಾಗಿ ಸಿಕ್ಕಿದ್ದೆಂದು ನಿಮಗೇ ಗೊತ್ತು. ಸೂಪರ್ ಮಾರ್ಕೆಟು, ಮಗಳ ಶಾಲೆ ಬಿಟ್ಟರೆ ಬೇರೆಲ್ಲಿಗೂ ನಾನು ಕಾರು ತೆಗೆದುಕೊಂಡು ಹೋದವಳಲ್ಲ. ‘ಉಮ್ಮ, ಡೋಂಟ್ ಗೋ. ಯು ಕಾಂಟ್ ಈವನ್ ಚೇಂಜ್ ಲೇನ್ಸ್’ ಎಂದು ಶಹನಾಝ್ ಬಾಗಿಲಿಗೆ ಅಡ್ಡ ನಿಂತಳು. ಬಾಗಿಲು ಹಾಕಿಕೋ ಎಂದಷ್ಟೇ ಹೇಳಿ ಇಳಿದೆ.

ಆ ದಾರಿಯುದ್ದಕ್ಕೂ ನಾನು ಸ್ಟಿಯರಿಂಗ್‌ನಿಂದ ಕೈ ತೆಗೆಯಲಿಲ್ಲ. ಜಲ್ಲಿ ಹೇರಿದ ಲಾರಿಗಳು ಪಕ್ಕದಲ್ಲಿ ಹಾದರೆ ಕಾರಿಗೆ ಕಾರೇ ಅಲುಗುತ್ತಿತ್ತು. ಬೆಟ್ಟಿ ಜಪಮಾಲೆ ಹಿಡಿದು ಪಿಸುಗುಟ್ಟುತ್ತಿದ್ದಳು. ನನ್ನ ಆಯತುಲ್ ಕುರ್ಸಿ ಅರ್ಧಕ್ಕೆ ಬಂದು ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡಾಂಬರು ಮುಗಿದು ಜಲ್ಲಿ ದಾರಿ ಶುರುವಾಗುವಲ್ಲಿ ಪೊಲೀಸು ಗಾಡಿ ಅಡ್ಡ ನಿಂತಿತ್ತು. ‘ರೋಡ್ ಮಾಫಿ, ಸಿಸ್ಟರ್. ವಾದಿ. ಬ್ಯಾಕ್ ಗೋ’ ಎಂದ ಪೊಲೀಸಿನವನು, ಮುಂದೆ ದಾರಿಯಿಲ್ಲವೆಂದು. ನಾವು ಹಿಂದೆ ಹೋಗಲಿಲ್ಲ. ಯುಜಿನ್ ಭಾಯಿಯ ಕಾರು ಎತ್ತರದ ದಿಣ್ಣೆಯ ಮೇಲೆ ಬೀಗ ಹಾಕಿಕೊಂಡು ನಿಂತಿತ್ತು. ಅದರ ಪಕ್ಕಕ್ಕೆ ಹೋಗಿ ನಿಂತೆವು. ಕೆಳಗೆ ಕೆಂಪು ನೀರು. ನೀರಿನ ಸದ್ದಿಗಿಂತ ಜೋರಾಗಿ ಅದರ ಹೊಟ್ಟೆಯೊಳಗೆ ಉರುಳುವ ಕಲ್ಲುಗಳ ಸದ್ದು.

ಆಗ ನನಗೆ ಅದು ಕಂಡಿತು. ನೀರಿನ ನಡುವಿನ ಬಂಡೆಗೆ ಒಂದು ಸೈಕಲ್ ಸಿಕ್ಕಿಕೊಂಡಿತ್ತು. ಹಿಂದಿನ ಚಕ್ರ ತನ್ನಷ್ಟಕ್ಕೆ ತಿರುಗುತ್ತಿತ್ತು. ಹ್ಯಾಂಡಲಿಗೆ ಹಸಿರು ಟೇಪು. ಆ ಟೇಪು ಸುತ್ತಿದವಳು ನಾನೇ.

‘ಅದು ಯಾರ್ದು? ನಮ್ಮವ್ರದ್ದಾ?’ ಬೆಟ್ಟಿ ಕೇಳಿದಳು.

‘ಅಲ್ಲ. ಬೇರೆಯವ್ರದ್ದು.’

ಹೌದೆಂದರೆ ಅದು ನಿಜವಾಗಿಬಿಡುತ್ತಿತ್ತು. ಅಷ್ಟರಲ್ಲಿ ನೀರು ಸೈಕಲನ್ನು ಬಿಡಿಸಿಕೊಂಡು ಹೋಯಿತು.

ಮುಂದಿನದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನೀವು ಇಲ್ಲ ಎಂದು ಮನಸ್ಸಿಗೆ ಬಂದ ಕೂಡಲೇ ನಾನು ನಿಮಗಾಗಿ ಅಳಬೇಕಿತ್ತು. ಅಳು ಬರಲಿಲ್ಲ. ವೀಸಾ ನೆನಪಾಯಿತು. ನಾನು, ಮಗಳು ಇಬ್ಬರೂ ಇರುವುದು ನಿಮ್ಮ ವೀಸಾದ ಮೇಲೆ. ಮನೆ ನಿಮ್ಮ ಕಂಪೆನಿಯದ್ದು. ನೀವು ಹೋದರೆ ಎಲ್ಲ ಖಲಾಸ್. ಶಹನಾಝ್‌ಳ ಟೀಸಿ ಯಾವಾಗ ತೆಗೆಯುವುದು, ಊರಿನಲ್ಲಿ ಅವಳಿಗೆ ಕನ್ನಡ ಬರೆಯಲು ಬರುವುದಿಲ್ಲವಲ್ಲ, ಫ್ರಿಜ್ಜು ಯಾರಿಗೆ ಕೊಡುವುದು, ನಿಮ್ಮ ಉಮ್ಮನಿಗೆ ಫೋನಿನಲ್ಲಿ ಹೇಳುವವರು ಯಾರು. ನಿಂತ ನಿಲುವಿನಲ್ಲೇ ನಾನು ಪೆಟ್ಟಿಗೆ ಕಟ್ಟಿದೆ, ಉಪ್ಪಿನಂಗಡಿಗೆ ಹೋಗಿ ಇಳಿದೆ, ನಿಮ್ಮ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿದೆ. ನೀವು ಬದುಕಿದ್ದೀರೋ ಇಲ್ಲವೋ ಗೊತ್ತಿರಲಿಲ್ಲ. ಅಷ್ಟರೊಳಗೆ ನಮ್ಮ ಸಂಸಾರವನ್ನು ಪೂರ್ತಿ ಬಿಚ್ಚಿ ಇಟ್ಟಿದ್ದೆ.

ಬಿಸಿಲು ಇಳಿಯುವಾಗ ಹಿಂದಿನ ರಸ್ತೆಯಿಂದ ಒಂದು ಪಿಕಪ್ ಬಂತು. ಅದರ ಹಿಂಬದಿಯಲ್ಲಿ ಆಡಿನ ಮೇವಿನ ಕಟ್ಟುಗಳ ನಡುವೆ ನೀವಿಬ್ಬರು. ಓಡಿಸುತ್ತಿದ್ದ ಹತ್ತಾದ ಮುದುಕರು ತಮ್ಮ ತಲೆಬಟ್ಟೆಯಲ್ಲೇ ಯುಜಿನ್ ಭಾಯಿಯ ಮುರಿದ ಕೈಯನ್ನು ಕುತ್ತಿಗೆಗೆ ಕಟ್ಟಿದ್ದರು. ನೀರು ಬಂದಾಗ ಯುಜಿನ್ ಭಾಯಿ ಜಾರಿದರೆಂದೂ, ನೀವು ಸೈಕಲ್ ಬಿಟ್ಟು ಅವರ ಬ್ಯಾಗಿನ ಪಟ್ಟಿ ಹಿಡಿದು ಎಳೆದಿರೆಂದೂ, ಆಡುಗಳ ಜಾಡು ಹಿಡಿದು ಗುಡ್ಡ ದಾಟಿದಿರೆಂದೂ ಆಮೇಲೆ ತಿಳಿಯಿತು. ಬೆಟ್ಟಿ ಗಂಡನ ಎದೆಗೆ ತಲೆಯಿಟ್ಟು ಜೋರಾಗಿ ಅತ್ತಳು. ನೀವು ನನ್ನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು.

‘ಸೈಕಲ್ ಹೋಯ್ತು ಮಾರಾಯ್ತಿ.’

ನಾನು ಹೋಗಿ ನಮ್ಮ ಕಾರಿನ ಬಾಗಿಲು ತೆಗೆದೆ. ವಾಪಸು ಬರುವಾಗಲೂ ನಾನೇ ಓಡಿಸಿದೆ. ಇಷ್ಟು ಚೆಂದ ಓಡಿಸುತ್ತೀಯಲ್ಲ ಎಂದು ನೀವು ಹೊಗಳಿದಿರಿ. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸೈಕಲ್ ಕಳೆದುಕೊಂಡದ್ದಕ್ಕೆ ಸಿಟ್ಟೆಂದು ನೀವು ತಿಳಿದಿರಿ, ಇವತ್ತಿಗೂ ತಮಾಷೆ ಮಾಡುತ್ತೀರಿ. ಸಿಟ್ಟಲ್ಲ. ಜೀವಂತ ಪಕ್ಕದಲ್ಲಿ ಕೂತಿದ್ದ ನಿಮ್ಮ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ ನೀವು ಸ್ವಲ್ಪ ತಡವಾದರೆ ಅದೇ ಪೆಟ್ಟಿಗೆ ನನ್ನೊಳಗೆ ತೆರೆದುಕೊಳ್ಳುತ್ತದೆ. ಸೈಪ್ರಸ್‌ನ ನಕ್ಷೆ ತೋರಿಸಿ ‘ಅಲ್ಲಿ ವಾದಿ ಇಲ್ಲ, ಸುಮ್ನೆ ಹೆದರ್ಬೇಡ’ ಎಂದಿರಿ. ಹೋಗಬೇಡಿ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನಿಮ್ಮ ಮುಖದಲ್ಲಿ ಆ ಶಾಲೆ ಹುಡುಗ ಕಂಡ, ನುಂಗಿಕೊಂಡೆ.

ಈಗ ಸಮಾಚಾರ. ನನಗೆ ಕೆಲಸ ಸಿಕ್ಕಿದೆ. ಮದುವೆಗೆ ಮೊದಲು ಬಿ.ಎಡ್. ಮಾಡಿ ಕಲಿಸಿದ್ದೆನಲ್ಲ, ಅದು ವ್ಯರ್ಥವಾಗಲಿಲ್ಲ. ಇಲ್ಲಿಯೇ ಹತ್ತಿರದ ಶಾಲೆಯಲ್ಲಿ ಏಪ್ರಿಲಿನಿಂದ ಆರನೇ ತರಗತಿಗೆ ವಿಜ್ಞಾನ. ನಿನ್ನೆ ಪ್ರಿನ್ಸಿಪಾಲರು ಕರೆದು, ಗಂಡನ ವೀಸಾದಲ್ಲೇ ಮುಂದುವರಿಯುತ್ತೀರಾ, ಶಾಲೆಯ ವೀಸಾ ಬೇಕಾ ಎಂದು ಕೇಳಿದರು. ಹೆಚ್ಚಿನ ಟೀಚರುಗಳು ಗಂಡನದ್ದರಲ್ಲೇ ಇರುತ್ತಾರಂತೆ. ನಾನು ‘ಶಾಲೆಯದ್ದೇ ಆಗ್ಲಿ ಸರ್’ ಎಂದೆ. ಇನ್ನು ನಾನು ಇಲ್ಲಿರುವುದು ನನ್ನದೇ ವೀಸಾದ ಮೇಲೆ.

ನಿಮ್ಮನ್ನು ಕೇಳದೆ ಹೇಳಿದೆನೆಂದು ನಿಮಗೆ ನೋವಾಗಬಹುದು. ನೀವು ಸಾಯುವುದಕ್ಕೆ ಇವಳು ತಯಾರಿ ಮಾಡಿಕೊಂಡಳು ಎಂದೂ ಅನಿಸಬಹುದು. ಹಾಗಲ್ಲ. ಆ ದಿನ ವಾದಿಯ ದಡದಲ್ಲಿ ನನ್ನ ಹೆದರಿಕೆಯಲ್ಲಿ ನಿಮಗೆ ಸಿಕ್ಕಿದ್ದು ಚೂರೇ ಚೂರು. ಉಳಿದದ್ದನ್ನೆಲ್ಲ ಮನೆ, ವೀಸಾ, ಫ್ರಿಜ್ಜು ತಿಂದುಬಿಟ್ಟವು. ನನ್ನ ಗಂಡ ನೀರಿನಲ್ಲಿ ಹೋದನೆಂದು ತಿಳಿದ ಗಳಿಗೆಯಲ್ಲೂ ಅವನನ್ನು ಮಾತ್ರ ನೆನೆಯುವ ಭಾಗ್ಯ ನನಗಿರಲಿಲ್ಲ.

ಹೆದರಿಕೆ ಹೋಗುವುದಿಲ್ಲ. ನೀವು ಗುಡ್ಡ ಹತ್ತುವಷ್ಟು ಕಾಲ ಅದು ಇದ್ದೇ ಇರುತ್ತದೆ. ಹತ್ತಿ, ಬೇಡ ಎನ್ನುವುದಿಲ್ಲ. ಆದರೆ ಇನ್ನು ಮೇಲೆ ನೀವು ತಡವಾದರೆ ನಾನು ನಿಮಗಾಗಿ ಮಾತ್ರ ಹೆದರುತ್ತೇನೆ.

ಅಲ್ಲಾಹನು ನಿಮ್ಮಿಬ್ಬರನ್ನೂ ಪ್ರತಿ ಇಳಿಜಾರಿನಲ್ಲಿ ಕೈಹಿಡಿದು ಇಳಿಸಲಿ, ಆಮೀನ್.

ನಿಮ್ಮ ದಾರಿ ಕಾಯುವ
ರುಖಿಯಾ