ಹುಲ್ಲಿನಡಿಯ ನೆಲ

ಮಹಡಿಯ ಕೋಣೆ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವಾರ್ಡಿನಲ್ಲಿ ನಿಂತೂ ನಿಂತೂ ಊದಿಕೊಳ್ಳುತ್ತಿದ್ದ ನಿನ್ನ ಕಾಲು ಈಗ ಹೇಗಿದೆ? ರೋಗಿಗಳಿಗೆಲ್ಲ ಕಾಲೆತ್ತಿ ಮಲಗಿ ಎಂದು ಹೇಳಿ ಬಂದು, ಮನೆಯಲ್ಲಿ ನೀನು ಮಾತ್ರ ನಿಂತುಕೊಂಡೇ ಊಟ ಮಾಡುತ್ತೀಯಂತೆ. ಭಾವ ಚಾಡಿ ಹೇಳಿದರು. ಮಗುವಿಗೆ ಹಲ್ಲು ಬಂತೇ? ಬಂದಿದ್ದರೆ ಮೊದಲು ಭಾವನ ಮೂಗಿನ ಮೇಲೆ ಪ್ರಯೋಗ ಮಾಡಲಿ. ಅಮ್ಮ ಚೆನ್ನಾಗಿದ್ದಾಳೆ. ಕೆಳಗಿನ ಪ್ರೆಸ್ಸಿನ ಸದ್ದಿಗೆ ದಿನವೂ ಬೈಯುತ್ತಾಳೆ, ಸದ್ದು ನಿಂತರೆ ಏನಾಯಿತೋ ಎಂದು ಕಿಟಕಿಯಿಂದ ಬಗ್ಗಿ ನೋಡುತ್ತಾಳೆ. ನನ್ನ ಮಂಡಿ ವಾಸಿಯಾಗಿದೆ. ಊರುಗೋಲು ಬಿಟ್ಟೆ, ಮೆಟ್ಟಿಲು ಹತ್ತುತ್ತೇನೆ. ಹೊಲಿಗೆಯ ಕೆಳಗೆ ಅಂಗೈಯಗಲದ ಜಾಗ ಮಾತ್ರ ಇನ್ನೂ ಮರಗಟ್ಟಿದ ಹಾಗೇ ಇದೆ. ಆಪರೇಷನ್‌ನಲ್ಲಿ ಚರ್ಮದ ನರ ಕತ್ತರಿಸಿದರೆ ಹಾಗಾಗುತ್ತದೆ, ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು ಎಂದು ನೀನು ಹೇಳಿದ್ದೆಯಲ್ಲ. ಸ್ನಾನ ಮಾಡುವಾಗ ಬಿಸಿನೀರು ಅಲ್ಲಿಯವರೆಗೆ ಬಿಸಿ, ಅಲ್ಲಿ ಬರೀ ನೀರು. ಇತ್ತೀಚೆಗೆ ಆ ಜಾಗ ಮೇಲೆ ಮೇಲೆ ಹಬ್ಬುತ್ತಿದೆಯೇನೋ ಎನ್ನಿಸುತ್ತದೆ. ಡಾಕ್ಟರಿಗೆ ಹೇಳುವಂಥದ್ದಲ್ಲ.

ನಾನು ಟಿವಿಯಲ್ಲಿ ಬರುತ್ತಿದ್ದೇನೆಂದು ನಿನಗೆ ಗೊತ್ತು, ಹೇಗೆ ಸೇರಿದೆನೆಂದು ಬರೆದಿರಲಿಲ್ಲ. ನಾನಿನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಕ್ಲಬ್ಬು ನನ್ನನ್ನು ಬಿಟ್ಟುಬಿಟ್ಟಿತು. ಫೋನಿಗೆ ಒಂದು ಸಂದೇಶ, ಕೊನೆಯಲ್ಲಿ ಒಂದು ಹೂವಿನ ಚಿತ್ರ. ಆಮೇಲೆ ಚಾನೆಲ್‌ನವರು ಕರೆದರು. ಹೆಂಗಸರ ಫುಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆಗೆ ಹೆಂಗಸಿನ ಧ್ವನಿ ಬೇಕಂತೆ, ಆಡಿದವಳೇ ಆದರೆ ಇನ್ನೂ ಒಳ್ಳೆಯದಂತೆ. ನಾನು ಹಿಂದೆಮುಂದೆ ನೋಡಿದೆ. ನಮ್ಮ ಗೋಲ್‌ಕೀಪರ್ ಇದ್ದಾಳಲ್ಲ, ಗೋಡೆ, ಅವಳೇ ನನ್ನನ್ನು ತಳ್ಳಿದ್ದು: "ಹೋಗೇ. ಬಸ್ಸಲ್ಲಿ ನಮ್ಮ ಕಿವಿ ಕೊರೀತಿದ್ದೆಯಲ್ಲ, ಈಗ ಊರವರ ಕಿವಿ ಕೊರಿ. ದುಡ್ಡೂ ಕೊಡ್ತಾರೆ." ನನಗೂ ಆಸೆಯಾಯಿತು. ನನ್ನ ಹುಚ್ಚು ನಿನಗೆ ಗೊತ್ತಲ್ಲ. ಅದನ್ನು ಹಿಡಿಸಿದವಳೇ ನೀನು. ಕಾಲಿಗೆ ಕಟ್ಟಲು ಪ್ಯಾಡ್ ಇಲ್ಲದಾಗ ನೀನು ಪ್ರೆಸ್ಸಿನವರು ಎಸೆದ ಹೋರಾಟದ ಕರಪತ್ರಗಳನ್ನು ದಪ್ಪಗೆ ಮಡಚಿ ನನ್ನ ಕಾಲುಚೀಲಕ್ಕೆ ತುರುಕುತ್ತಿದ್ದೆ. ಆಟ ಮುಗಿದ ಮೇಲೆ ನಾನು ಬೆವರಲ್ಲಿ ನೆಂದ ಹಾಳೆ ಬಿಡಿಸಿ ಓದುತ್ತಿದ್ದೆ, ಅರ್ಧ ಅಕ್ಷರ ಕಾಲಿಗೆ ಅಂಟಿರುತ್ತಿತ್ತು. "ಎಲ್ಲರ ಮಕ್ಕಳೂ ಪುಸ್ತಕ ಓದಿ ಕೆಡ್ತಾರೆ, ಇವಳು ರದ್ದಿ ಓದಿ ಕೆಟ್ಟಳು" ಎಂದು ಅಮ್ಮ ಈಗಲೂ ಅನ್ನುತ್ತಾಳೆ. ಸತ್ಯವನ್ನು ಸಾವಿರ ಜನರಿಗೆ ಕೇಳುವಂತೆ ಒಮ್ಮೆ ಹೇಳಿದರೆ ಸಾಕು, ಮುಂದಿನದು ತಾನಾಗಿ ಆಗುತ್ತದೆ ಎಂದು ಆ ಹಾಳೆಗಳಲ್ಲಿತ್ತು. ನಾನು ಅದನ್ನು ಹಾಗೇ ನಂಬಿದ್ದೆ.

ಹೇಳಬೇಕಾದ ಸತ್ಯವೂ ನನ್ನ ಹತ್ತಿರವಿತ್ತು. ನಮ್ಮ ಕ್ಲಬ್ಬಿನ ಮೈದಾನ ಮೊದಲು ಲಾರಿ ನಿಲ್ಲಿಸುವ ಜಾಗವಾಗಿತ್ತು. ಕ್ಲಬ್ಬಿನ ಯಜಮಾನರು ಆ ಕಾಂಕ್ರೀಟಿನ ಮೇಲೆ ನೇರವಾಗಿ ಪ್ಲಾಸ್ಟಿಕ್ ಹುಲ್ಲು ಹಾಸಿಸಿದರು. ನಡುವೆ ರಬ್ಬರಿನ ಮೆತ್ತೆ ಇರಬೇಕು, ಅದನ್ನು ಹಾಕಿಸಲಿಲ್ಲ. ಓಡುತ್ತ ತಿರುಗಿದರೆ ಬೂಟು ಹುಲ್ಲಿಗೆ ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ಮಂಡಿ ನಡುವೆ ಸಿಕ್ಕಿಬೀಳುತ್ತದೆ. ನನಗಿಂತ ಮೊದಲು ಇಬ್ಬರು ಹೀಗೇ ಹೋದರು. ಕೇಳಿದರೆ, ವ್ಯಾಯಾಮ ಸಾಲದು ಎಂದರು. ಗೋಲಿನ ಮುಂದೆ ಹಾಸಿನ ಹೊಲಿಗೆ ಬಿಟ್ಟಿತ್ತು. ಅಲ್ಲಿ ಬೆರಳು ತೂರಿಸಿ ನೋಡಿದವಳು ಗೋಡೆ. "ಕೆಳಗೆ ರಸ್ತೆ ಇದೆ ಕಣ್ರೇ" ಎಂದಿದ್ದಳು.

ಸ್ಟುಡಿಯೋಗೆ ಹೋದ ಮೊದಲ ದಿನದ ಒಂದು ವಿಷಯ ಹೇಳಬೇಕು. ಮುಖಕ್ಕೆ ಬಣ್ಣ ಬಳಿದು, ಕಾಲರಿಗೆ ಮೈಕು ಸಿಕ್ಕಿಸಿ ಕೂರಿಸಿದರು. ಮೇಜಿನ ಸುತ್ತ ಅಲಂಕಾರಕ್ಕೆಂದು ಅದೇ ಪ್ಲಾಸ್ಟಿಕ್ ಹುಲ್ಲು, ಅದೇ ಹಸಿರು. ಅಭ್ಯಾಸಬಲದಿಂದ ಬೂಟಿನ ತುದಿಯಲ್ಲಿ ಅಂಚು ಎತ್ತಿ ನೋಡಿದೆ. ಅಕ್ಕಾ, ಅದರ ಕೆಳಗೆ ಮೆತ್ತೆ ಇತ್ತು! ಎರಡು ಬೆರಳು ದಪ್ಪದ ಒಳ್ಳೆಯ ರಬ್ಬರು. ಕುರ್ಚಿ ಎಳೆದರೆ ಸದ್ದು ಬರಬಾರದಂತೆ. ಮೊದಲಿನ ನಾನಾಗಿದ್ದರೆ ಅಲ್ಲೇ ಎದ್ದುನಿಂತು ಕೂಗಾಡುತ್ತಿದ್ದೆ. ಅಂಚನ್ನು ಮೆಲ್ಲಗೆ ಕೆಳಗಿಟ್ಟೆ.

ಕಳೆದ ತಿಂಗಳು ನಮ್ಮ ಮೈದಾನದಲ್ಲೇ ಪಂದ್ಯ. ನಾನು ಮೇಲೆ ಗಾಜಿನ ಕೋಣೆಯಲ್ಲಿ, ಕಿವಿಯಲ್ಲಿ ಪ್ರೊಡ್ಯೂಸರ್ ಧ್ವನಿ. ದ್ವಿತೀಯಾರ್ಧದಲ್ಲಿ ಗೋಡೆ ಚೆಂಡಿಗೆಂದು ಪಕ್ಕಕ್ಕೆ ತಿರುಗಿದಳು, ಬೂಟು ತಿರುಗಲಿಲ್ಲ. ಅವಳು ಬಿದ್ದದ್ದನ್ನು ನೋಡಿಯೇ ಮಂಡಿ ಹೋಯಿತೆಂದು ನನಗೆ ತಿಳಿಯಿತು. ಪ್ರೊಡ್ಯೂಸರ್ ಅದನ್ನೇ ಪರದೆಯ ಮೇಲೆ ತಿರುತಿರುಗಿ ತೋರಿಸುತ್ತ, ಕಾಲು ಹೇಗೆ ತಪ್ಪಾಗಿ ಇಟ್ಟಳೆಂದು ವಿವರಿಸಿ ಎಂದ. ನಾನು ಹೇಳಿದೆ: "ಕಾಲು ಸರಿಯಾಗೇ ಇಟ್ಟಿದ್ದಾಳೆ. ಈ ಹುಲ್ಲಿನ ಕೆಳಗೆ ರಬ್ಬರ್ ಇಲ್ಲ, ಕಾಂಕ್ರೀಟ್ ಇದೆ. ಹೀಗೆ ಹೋದ ಮಂಡಿಗಳಲ್ಲಿ ಇದು ನಾಲ್ಕನೆಯದು, ಮೂರನೆಯದು ನನ್ನದು." ಇಷ್ಟು ವರ್ಷ ಕಾಲುಚೀಲದಲ್ಲಿಟ್ಟುಕೊಂಡು ಓಡಿದ ಮಾತು ಹೊರಗೆ ಬಂತು. ಆಮೇಲೆ ಏನಾಯಿತು ಗೊತ್ತೇ? ಮಂಡಿನೋವಿನ ಮುಲಾಮಿನ ಜಾಹೀರಾತು ಬಂತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಜಮಾನರು ಮರುದಿನ ಅದೇ ಚಾನೆಲ್‌ನಲ್ಲಿ ಕೂತು, "ನಮ್ಮ ಮನೆ ಹುಡುಗಿ ಅದು, ಬಾಯಿ ಸ್ವಲ್ಪ ಜೋರು. ಕಾಂಕ್ರೀಟ್ ಕಂಡೋರು ಯಾರಪ್ಪಾ?" ಎಂದು ನಕ್ಕರು. ಚಾನೆಲ್‌ನವರು ನನ್ನ ಮಾತಿಗೆ ಹಿಂದೆ ಡೋಲು ಬಾರಿಸಿ ತುಣುಕು ಮಾಡಿ ಬಿಟ್ಟರು. ಲಕ್ಷಾಂತರ ಜನ ನೋಡಿದರಂತೆ. ಬಸ್ಸಿನಲ್ಲಿ ಒಬ್ಬರು ನನ್ನ ಗುರುತು ಹಿಡಿದು, "ಏನ್ ಖಡಕ್ ಮಾತಮ್ಮಾ!" ಎಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಏನು ಮಾತು ಎಂದು ಅವರಿಗೆ ನೆನಪಿರಲಿಲ್ಲ. ಪ್ರೊಡ್ಯೂಸರ್ ಕೆಟ್ಟವನಲ್ಲ. ಚಹಾ ತರಿಸಿಕೊಟ್ಟು ಬುದ್ಧಿ ಹೇಳಿದ: "ಆವೇಶ ಇರ್ಲಿ ಮೇಡಂ, ಅದು ಬೇಕು. ಆದ್ರೆ ಕ್ಯಾಮೆರಾಗೆ ಕಾಣೋದನ್ನ ಹೇಳಿ. ಕಾಣದ್ದನ್ನ ಹೇಳಿದ್ರೆ ಅದು ನಿಮ್ಮ ಅಭಿಪ್ರಾಯ ಆಗುತ್ತೆ. ಕಾಣೋದನ್ನ ಹೇಳಿದ್ರೆ ಯಾವನೂ ನಿಮ್ಮನ್ನ ಕೇಳೋ ಹಾಗಿಲ್ಲ." ಆಮೇಲೆ ಎರಡು ವರ್ಷದ ಕರಾರು ಮುಂದಿಟ್ಟ. ಮೈದಾನಕ್ಕೆ ಯಾರೂ ಕೈ ಹಚ್ಚಿಲ್ಲ. ಗೋಡೆಯ ಜಾಗಕ್ಕೆ ಬೇರೊಬ್ಬಳು ಬಂದಿದ್ದಾಳೆ.

ಗೋಡೆಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಕಾಲಿಗೆ ಪಟ್ಟಿ, ಕೈಯಲ್ಲಿ ಫೋನು, ಅದರಲ್ಲಿ ನನ್ನದೇ ಡೋಲಿನ ತುಣುಕು. "ಬಾರಮ್ಮ, ಖಡಕ್ ಮೇಡಂ. ನನ್ನ ಮಂಡಿ ಹೋಯ್ತು, ನಿನಗೆ ಹೆಸರು ಬಂತು" ಎಂದಳು. ತಮಾಷೆಗೇ ಹೇಳಿದ್ದು. ಕೆಲಸ ಬಿಡುತ್ತೇನೆ ಎಂದೆ. "ಬಿಟ್ಟು? ಪ್ರೆಸ್ಸಿನೋರಿಗೆ ಇನ್ನೊಂದು ಕರಪತ್ರ ಬರ್ಕೊಡ್ತೀಯಾ? ಸುಮ್ನೆ ಕೂತ್ಕೋ" ಎಂದು ಗದರಿದಳು. ಪ್ರೊಡ್ಯೂಸರನ ಬುದ್ಧಿವಾದವನ್ನು ಅವನ ಹಾಗೇ ಅಣಕಿಸಿ ತೋರಿಸಿದೆ, ನಗಲಿ ಎಂದು. ಅವಳು ನಗಲಿಲ್ಲ. "ಇನ್ನೊಂದ್ಸಲ ಹೇಳು" ಎಂದಳು. ಹೇಳಿದೆ. ಫೋನು ಬದಿಗಿಟ್ಟು ಚಾವಣಿ ನೋಡುತ್ತ ಮಲಗಿದಳು.

ನಿನ್ನೆ ಕರಾರಿಗೆ ಸಹಿ ಹಾಕಿದೆ. ನೀನು ಏನನ್ನುತ್ತೀಯೆಂದು ಗೊತ್ತು: ತಂಗಿ ಮಾರಿಕೊಂಡಳು. ಅನ್ನು ಅಕ್ಕಾ. ಪೆನ್ನು ಕೆಳಗಿಟ್ಟಾಗ ಏನಾದರೂ ಅನ್ನಿಸುತ್ತದೆಯೇ ಎಂದು ಕಾದೆ. ಏನೂ ಅನ್ನಿಸಲಿಲ್ಲ.

ಭಾವನಿಗೆ ನನ್ನ ನಮಸ್ಕಾರ, ಮಗುವಿನ ಎರಡೂ ಕೆನ್ನೆಗೆ ಮುತ್ತು. ನೀನು ಕೂತು ಊಟ ಮಾಡು.

ನಿನ್ನ ಬಾಲಂಗೋಚಿ

ಮರೆತಿದ್ದೆ: ಈ ತಿಂಗಳ ಕೊನೆಯ ಭಾನುವಾರ ಮತ್ತೆ ನಮ್ಮ ಮೈದಾನದಲ್ಲೇ ಪಂದ್ಯ, ನೇರ ಪ್ರಸಾರ. ಅಮ್ಮನಿಗೆ ಹೇಳಬೇಡ. ಸಹಿ ಹಾಕದಿದ್ದರೆ ಅವತ್ತು ಮೈಕಿನ ಮುಂದೆ ಬೇರೆ ಯಾರೋ ಇರುತ್ತಿದ್ದರು, ಅದಕ್ಕೇ ಹಾಕಿದೆ. ಗೋಡೆ ನಮ್ಮ ತಂಡದ ಹುಡುಗಿಯರಿಗೆಲ್ಲ ಹೇಳಿದ್ದಾಳೆ. ಸೀಟಿ ಊದುವ ಮೊದಲು ಹನ್ನೊಂದು ಜನವೂ ಗೋಲಿನ ಮುಂದೆ ಆ ಹೊಲಿಗೆ ಬಿಟ್ಟ ಕಡೆ ಹೋಗಿ, ಅಂಚು ಹಿಡಿದು, ಚಾಪೆ ಸುತ್ತಿದ ಹಾಗೆ ಸುತ್ತುತ್ತಾರೆ. ದೊಡ್ಡ ಕ್ಯಾಮೆರಾ ನಿಲ್ಲುವುದು ಅದೇ ಬದಿಗೆ. ಟಿವಿಯನ್ನು ಬೇಗ ಹಾಕು. ನಾನು ಹೆಚ್ಚೇನೂ ಮಾತಾಡುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.