ಖಾಲಿ ಕುರ್ಚಿಯ ಒಪ್ಪಿಗೆ

ಸಭಾಭವನದ ಊಟದ ಕೋಣೆ,
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಅಮ್ಮನ ಮಂಡಿನೋವು ಇಳಿಯಿತೇ? ಭಾವನ ಕೆಮ್ಮು? ಸಮುದ್ರ ಹಿತ್ತಿಲ ಗೋಡೆಯನ್ನೂ ತಿಂದಿತೆಂದು ಫೋನಿನಲ್ಲಿ ನೀನು ಹೇಳಿದ್ದು ಕಿವಿಯಲ್ಲೇ ಕೂತಿದೆ. ಭಾನುವಾರ ಮನೆ ಖಾಲಿ ಮಾಡಲೇಬೇಕು, ಅಮ್ಮ ಮಾತ್ರ "ಮಗ ಬಂದು ಕೈ ಹಿಡೀಲಿ, ಆಮೇಲೆ ಹೊರಡ್ತೀನಿ" ಎಂದು ಪಟ್ಟು ಹಿಡಿದು ಕೂತಿದ್ದಾಳೆ ಎಂದೆಯಲ್ಲ. ಅವಳ ಹಠ ನಮಗೆ ಹೊಸದೇ?

ಇಲ್ಲಿಯ ಕಥೆ ಕೇಳು. ಹವಾಮಾನ ಬದಲಾವಣೆ ಕುರಿತ ದೇಶದೇಶಗಳ ಮಾತುಕತೆ ಒಟ್ಟಿಗೇ ಹತ್ತಾರು ಕೋಣೆಗಳಲ್ಲಿ ನಡೆಯುತ್ತದೆ. ಶ್ರೀಮಂತ ದೇಶದವರು ಮದುವೆ ದಿಬ್ಬಣದಂತೆ ಬಂದಿದ್ದಾರೆ, ಕೋಣೆಗೊಬ್ಬರು, ಅವರು ಸುಸ್ತಾದರೆ ಇನ್ನೊಬ್ಬರು. ನಮ್ಮ ದೇಶದಿಂದ ನಾನು ಮತ್ತು ಮೇಷ್ಟ್ರು, ಇಬ್ಬರೇ. ಮೇಷ್ಟ್ರು ಎಂದರೆ ನಮ್ಮ ತಂಡದ ಹಿರಿಯರು, ಹಿಂದೆ ಭೂಗೋಳ ಪಾಠ ಮಾಡುತ್ತಿದ್ದವರು. ಮೊನ್ನೆ ದೊಡ್ಡ ದೇಶದ ಪ್ರತಿನಿಧಿಯೊಬ್ಬರು "ಎಲ್ಲರೂ ಸಮನಾಗಿ ಭಾರ ಹೊರೋಣ" ಎಂದರು. ಮೇಷ್ಟ್ರು ಬಿಡಬೇಕಲ್ಲ! "ಮೇಲಿನ ಮನೆಯವರು ನಲ್ಲಿ ಬಿಟ್ಟು ಮಲಗಿದ್ರಿ, ಸ್ವಾಮಿ. ನೀರು ನಮ್ಮ ಹಾಸಿಗೆ ಮೇಲೆ ಸುರೀತಿದೆ. ಈಗ ಇಬ್ಬರೂ ಸಮನಾಗಿ ನೆಲ ಒರೆಸೋಣ ಅಂತೀರಾ?" ಕೋಣೆಯೆಲ್ಲ ನಕ್ಕಿತು. ಆ ಪ್ರತಿನಿಧಿಯೂ ನಕ್ಕರು. ಒಪ್ಪಂದದ ಕರಡಿನಲ್ಲಿ ಮಾತ್ರ ಒಂದಕ್ಷರವನ್ನೂ ಬದಲಿಸಲಿಲ್ಲ.

ಇಲ್ಲಿ ಓಟು ಹಾಕುವ ಪದ್ಧತಿಯಿಲ್ಲ. ಅಧ್ಯಕ್ಷರು "ಯಾರದಾದರೂ ಆಕ್ಷೇಪ?" ಎನ್ನುತ್ತಾರೆ. ಯಾರೂ ಮಾತಾಡದಿದ್ದರೆ ಮೇಜಿನ ಮೇಲೆ ಸುತ್ತಿಗೆ ಬೀಳುತ್ತದೆ, ಎಲ್ಲರೂ ಒಪ್ಪಿದಂತೆ. ನಿನ್ನೆ ಮೇಷ್ಟ್ರು ಜ್ವರದಿಂದ ಮಲಗಿದ್ದರು. ನಾನು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ, ಸಮುದ್ರಕ್ಕೆ ಮನೆ ಕಳೆದುಕೊಂಡವರಿಗೆ ಬೇರೆ ಮನೆ ಕಟ್ಟಿಕೊಡುವ ಪ್ಯಾರಾ ಮಾಯ! ಕೇಳಿದರೆ ಸಭೆ ನಡೆಸುವ ಅಧಿಕಾರಿಣಿ ನಯವಾಗಿಯೇ ಹೇಳಿದಳು: "ನೀವು ಇರ್ಲಿಲ್ವಲ್ಲ ಸಾರ್, ಯಾರೂ ಬೇಡ ಅನ್ಲಿಲ್ಲ." ಅಕ್ಕಾ, ನಮ್ಮ ಖಾಲಿ ಕುರ್ಚಿಯೂ ಒಪ್ಪಿಗೆ ಕೊಟ್ಟಿತ್ತು.

ಅಂಗಲಾಚಿ, ಜಗಳವಾಡಿ, ಆ ಪ್ಯಾರಾವನ್ನು ಕೊನೆಯ ಸಭೆಗೆ ಮತ್ತೆ ತಂದಿದ್ದೇನೆ. ಆ ಸಭೆ ಇವತ್ತು ಮುಗಿಯಬೇಕಿತ್ತು, ನಾಳೆ ಸಂಜೆಗೆ ಹೋಯಿತು. ಪ್ರತಿ ಸಲವೂ ಹೀಗೇ ಎಳೆಯುತ್ತಾರಂತೆ. ಬಡದೇಶದವರ ಅಗ್ಗದ ಟಿಕೆಟ್ಟನ್ನು ಮುಂದೂಡಲಾಗುವುದಿಲ್ಲ. ಒಬ್ಬೊಬ್ಬರೇ ಪೆಟ್ಟಿಗೆ ಎಳೆದುಕೊಂಡು, ಕಣ್ಣು ತಪ್ಪಿಸಿ, ಹೊರಡುತ್ತಿದ್ದಾರೆ. ನಮ್ಮ ವಿಮಾನ ನಾಳೆ ಬೆಳಿಗ್ಗೆ.

ಅಮ್ಮನಿಗೂ ಭಾವನಿಗೂ ನಮಸ್ಕಾರ, ಮಕ್ಕಳಿಗೆ ಮುದ್ದು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತುಂಟ ತಮ್ಮ

ಮರೆತ ಮಾತು: ಮರೆತದ್ದಲ್ಲ, ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಈ ಪತ್ರ ತರುವ ಮೇಷ್ಟ್ರು ಒಬ್ಬರೇ ಬರುತ್ತಾರೆ. ನಾನು ವಿಮಾನ ಹತ್ತುವುದಿಲ್ಲ, ನಾಳೆ ಸಂಜೆಯ ಸಭೆಗೆ ಉಳಿಯುತ್ತೇನೆ. ಭಾನುವಾರ ಅಮ್ಮನ ಕೈ ನೀನೇ ಹಿಡಿ. ಅವಳು ನನ್ನನ್ನು ಬೈದರೆ ಬೈಯಲಿ, ತಡೆಯಬೇಡ. ಬೈಯುತ್ತಲೇ ಮನೆಯಿಂದಾಚೆ ಕಾಲಿಟ್ಟರೆ ಸಾಕು.